ಕೋಡಿಂಗ್ ಬೂಟ್‌ಕ್ಯಾಂಪ್‌ಗೆ ಎರಡೂವರೆ ಲಕ್ಷ ಕಟ್ಟೋದಾ, ಮನೇಲೇ ಕೂತು ಕಲಿಯೋದಾ?

ಹುಬ್ಬಳ್ಳಿ_ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್. ಸಂಬಳ 22 ಸಾವಿರ, ವಯಸ್ಸು 25. ಪ್ರೋಗ್ರಾಮಿಂಗ್ ಕಡೆ ಹೋಗಬೇಕು ಅಂತ ಬಹಳ ದಿನದ ಆಸೆ. ಯೂಟ್ಯೂಬ್ ನೋಡಿಕೊಂಡು ಸ್ವಲ್ಪ ಪೈಥಾನ್ ಕಲಿತೆ. ಲೂಪ್, ಫಂಕ್ಷನ್ ಅನ್ನೋ ಮೊದಮೊದಲ ಪಾಠಗಳ ತನಕ ಬಂದು ಗಾಡಿ ನಿಂತಿದೆ.

ಈಗ ಒಂದು ಆನ್‌ಲೈನ್ ಬೂಟ್‌ಕ್ಯಾಂಪ್‌ನವರು, ಅಂದರೆ ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸಿಕೊಡ್ತೀವಿ ಅನ್ನೋರು, ಹಿಂದೆ ಬಿದ್ದಿದ್ದಾರೆ. ಆರು ತಿಂಗಳ ಫುಲ್ ಸ್ಟಾಕ್ (ವೆಬ್‌ಸೈಟಿನ ಮುಂಭಾಗ, ಹಿಂಭಾಗ ಎರಡೂ ಕಲಿಸೋ) ಕೋರ್ಸ್, ರಾತ್ರಿ ಲೈವ್ ಕ್ಲಾಸ್. ಫೀಸು 2,40,000 ರೂಪಾಯಿ, ಮೇಲೆ ಜಿಎಸ್‌ಟಿ. 24 ತಿಂಗಳ 'ನೋ ಕಾಸ್ಟ್ ಇಎಂಐ' ಮಾಡಿಸಿಕೊಡುತ್ತಾರಂತೆ. '100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್' ಬೇರೆ. ಕೌನ್ಸೆಲರ್ ದಿನಾ ಫೋನ್ ಮಾಡಿ "ಎರಡೇ ಸೀಟ್ ಉಳಿದಿರೋದು ಸರ್, ಸ್ಕಾಲರ್‌ಶಿಪ್ ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತೆ" ಅಂತಾರೆ. ಹೋದ ವಾರವೂ ಅದೇ ಎರಡು ಸೀಟ್, ಅದೇ ಹನ್ನೆರಡು ಗಂಟೆ.

ಇನ್ನೊಂದು ಕಡೆ ಫ್ರೀಕೋಡ್‌ಕ್ಯಾಂಪ್, ಓಡಿನ್ ಪ್ರಾಜೆಕ್ಟ್, ಹಾರ್ವರ್ಡ್‌ನ ಸಿಎಸ್50, ಇಂಥ ಆನ್‌ಲೈನ್ ಕೋರ್ಸ್ ಎಲ್ಲಾ ಪುಕ್ಕಟೆ ಇವೆ. "ಪುಕ್ಕಟೆ ಸಿಗೋದಕ್ಕೆ ಎರಡೂವರೆ ಲಕ್ಷ ಯಾಕಪ್ಪಾ" ಅಂತ ನಮ್ಮಪ್ಪ ಕೇಳಿದರು. ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡರಲ್ಲಿ ಯಾವುದಾದರೂ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಕೋಡ್_ಕೋಳಿ

ಎಐ ಎಲ್ಲಾ ಬರೆಯುತ್ತೆ ಗುರು. ಟ್ಯಾಲಿಲೇ ಆರಾಮಾಗಿರು.

ಸಾಲದ_ಕೌಂಟರ್

ನಾನು ಬ್ಯಾಂಕಿನವನು, ಕೋಡಿಂಗ್ ಬಗ್ಗೆ ಏನೂ ಹೇಳಲ್ಲ. ದುಡ್ಡಿನ ಲೆಕ್ಕ ಮಾತ್ರ ಹೇಳುತ್ತೇನೆ.

2,40,000ಕ್ಕೆ 18% ಜಿಎಸ್‌ಟಿ ಸೇರಿಸಿದರೆ 2,83,200. ಅದನ್ನು 24 ಕಂತು ಮಾಡಿದರೆ ತಿಂಗಳಿಗೆ 11,800. ನಿಮ್ಮ ಸಂಬಳದ ಅರ್ಧಕ್ಕಿಂತ ಜಾಸ್ತಿ. ಕೋರ್ಸ್ ಮುಗಿಯೋದು ಆರು ತಿಂಗಳಿಗೆ, ಕಂತು ಮುಗಿಯೋದು ಎರಡು ವರ್ಷಕ್ಕೆ. ಕೋರ್ಸ್ ಆದಮೇಲೆ ಒಂದೂವರೆ ವರ್ಷ, ಕೆಲಸ ಸಿಕ್ಕಿರಲಿ ಬಿಡಲಿ, ಪ್ರತಿ ತಿಂಗಳು ಅಕೌಂಟಿನಿಂದ ಆ ದುಡ್ಡು ಹೋಗುತ್ತಲೇ ಇರುತ್ತೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ನೀವು ಸಹಿ ಹಾಕೋದು ಬೂಟ್‌ಕ್ಯಾಂಪ್ ಜೊತೆ ಅಲ್ಲ. ಒಂದು ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲದ ಕಂಪನಿ) ನಿಮ್ಮ ಹೆಸರಲ್ಲಿ ಸಾಲ ಕೊಟ್ಟು ಅವರಿಗೆ ಪೂರ್ತಿ ಫೀಸು ಕಟ್ಟಿಬಿಡುತ್ತೆ. ಮೂರನೇ ತಿಂಗಳು ಪಾಠ ಸರಿಯಿಲ್ಲ ಅಂತ ಬಿಟ್ಟರೂ ಸಾಲ ನಿಮ್ಮದೇ. ಕಂತು ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತೆ, ನಾಳೆ ಬೈಕ್ ಲೋನ್‌ಗೂ ಪರದಾಟ. ಎಷ್ಟೋ ಹುಡುಗರು ನಮ್ಮ ಕೌಂಟರಿಗೆ ಬಂದು "ಸರ್, ಅದು ಲೋನ್ ಅಂತಾನೇ ಗೊತ್ತಿರಲಿಲ್ಲ, ಫೀಸಿನ ಕಂತು ಅಂದುಕೊಂಡಿದ್ದೆ" ಅಂತಾರೆ.

'ನೋ ಕಾಸ್ಟ್' ಅನ್ನೋದನ್ನೂ ನಂಬಬೇಡಿ. "ಪೂರ್ತಿ ದುಡ್ಡು ಒಂದೇ ಸಲ ಕಟ್ಟಿದರೆ ಎಷ್ಟು ಬಿಡ್ತೀರಿ?" ಅಂತ ಕೇಳಿ. ಅವರು ಬಿಡೋ ದುಡ್ಡೇ ಬಡ್ಡಿ. ಆ್ಯಪ್‌ನಲ್ಲಿ ಸಾಲ ಕೊಡೋರಿಗೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಸಹಿಗೆ ಮುಂಚೆ ವಾರ್ಷಿಕ ಬಡ್ಡಿ ದರ, ಒಟ್ಟು ಖರ್ಚು ಎಲ್ಲಾ ಬರೆದಿರೋ ಒಂದು ಪಟ್ಟಿ ಕೊಡಲೇಬೇಕು. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತಾರೆ ಅದಕ್ಕೆ. ಸಹಿ ಆದಮೇಲೂ ಒಂದು ಕೂಲಿಂಗ್ ಆಫ್ ಅವಧಿ ಇರುತ್ತೆ. ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು, ದಂಡ ಇಲ್ಲದೆ ಹೊರಗೆ ಬರಬಹುದು. ಎಷ್ಟು ದಿನ ಅಂತ ಅದೇ ಪಟ್ಟಿಯಲ್ಲಿ ಇರುತ್ತೆ, ನೋಡಿ.

ಹುಬ್ಬಳ್ಳಿ_ಲೆಕ್ಕಿಗ

ಅಣ್ಣ, ನಾನೇ ಲೆಕ್ಕದವನು, ಆದರೂ ಜಿಎಸ್‌ಟಿ ಸೇರಿಸಿ ನೋಡಿರಲಿಲ್ಲ. ಅವರು ಫೋನಲ್ಲಿ "ತಿಂಗಳಿಗೆ ಹತ್ತು ಸಾವಿರ ಅಷ್ಟೇ" ಅಂದಿದ್ದರು.

ಸಾಗರದ_ಅಕ್ಕ

ಎಲ್ಲರೂ ಬೂಟ್‌ಕ್ಯಾಂಪ್‌ಗೆ ಬೈಯೋಕೆ ಶುರು ಮಾಡೋ ಮೊದಲು ನಂದೊಂದು ಮಾತು. ನಾನು ಮಾಡಿದ್ದೇನೆ, ನನಗೆ ಉಪಯೋಗ ಆಗಿದೆ.

ಮಗು ಆದಮೇಲೆ ಕೆಲಸ ಬಿಟ್ಟಿದ್ದೆ. ಮನೆಯಲ್ಲಿ ಕೂತು ಕಲಿಯೋಣ ಅಂತ ಪುಕ್ಕಟೆ ಕೋರ್ಸ್ ಎಷ್ಟೋ ಶುರು ಮಾಡಿದೆ. ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದರೆ ಅತ್ತೆ ಕರೀತಾರೆ, ಇಲ್ಲಾ ಪಾಪು ಏಳುತ್ತೆ. "ಆಮೇಲೆ ನೋಡಿದರಾಯ್ತು, ವಿಡಿಯೊ ಎಲ್ಲೂ ಓಡಿಹೋಗಲ್ಲವಲ್ಲ" ಅಂತ ಮನೆಯವರ ಮಾತು. ಆಮೇಲೆ ಅನ್ನೋದು ಬರಲೇ ಇಲ್ಲ. ಲೈವ್ ಕ್ಲಾಸ್ ಸೇರಿದಮೇಲೆ ಕಥೆ ಬೇರೆ ಆಯ್ತು. ರಾತ್ರಿ ಒಂಬತ್ತಕ್ಕೆ ಕ್ಲಾಸ್ ಅಂದರೆ ಒಂಬತ್ತಕ್ಕೆ ಮನೆಯವರೇ ಪಾಪು ಎತ್ತಿಕೊಳ್ಳುತ್ತಿದ್ದರು. ದುಡ್ಡು ಕಟ್ಟಿದ್ದೀವಲ್ಲಾ! ಹೆಂಗಸರಿಗೆ ಮನೆಯಲ್ಲಿ ಓದೋ ಟೈಮ್ ಅಂತ ಒಂದು ಸಿಗಬೇಕಾದರೆ ಕೆಲವು ಸಲ ಹೀಗೇ ಆಗಬೇಕು, ಏನ್ ಮಾಡೋದು.

ಎರಡನೇದು, ನಾನು ಬರೆದಿದ್ದನ್ನು ಓದೋಕೆ ಒಬ್ಬರು ಇದ್ದರು. ಒಂದು ಸಲ 80 ಸಾಲಿನ ಫಂಕ್ಷನ್, ಅಂದರೆ ಒಂದು ಕೆಲಸ ಮಾಡೋ ಕೋಡಿನ ತುಂಡು, ಬರೆದು ಕಳಿಸಿದ್ದೆ. ಓಡುತ್ತಿತ್ತು, ಎಲ್ಲಾ ಟೆಸ್ಟ್ ಪಾಸ್ ಆಗಿತ್ತು. ಮೆಂಟರ್ ಕರೆದು "ಈ ಫಂಕ್ಷನ್ ಏನು ಮಾಡುತ್ತೆ, ಒಂದೇ ವಾಕ್ಯದಲ್ಲಿ ಹೇಳಿ ಮೇಡಂ" ಅಂದರು. ನಾನು "ಯೂಸರ್ ಡೇಟಾ ತರುತ್ತೆ, ಆಮೇಲೆ ಚೆಕ್ ಮಾಡುತ್ತೆ, ಆಮೇಲೆ ಸೇವ್ ಮಾಡಿ ಇಮೇಲ್ ಕಳಿಸುತ್ತೆ" ಅಂದೆ. "ಎಷ್ಟು 'ಆಮೇಲೆ' ಬಂತೋ ಅಷ್ಟು ಫಂಕ್ಷನ್ ಮಾಡಿ" ಅಂದರು. ಇವತ್ತಿಗೂ ಆಫೀಸಲ್ಲಿ ಕೋಡ್ ಬರೆಯುವಾಗ ಅದೇ ಪ್ರಶ್ನೆ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಯಾವ ವಿಡಿಯೊನೂ ಇದನ್ನು ನನಗೆ ಹೇಳುತ್ತಿರಲಿಲ್ಲ, ಯಾಕಂದರೆ ವಿಡಿಯೊಗೆ ನನ್ನ ಕೋಡ್ ಕಾಣಲ್ಲ.

ಕೆಟ್ಟದ್ದೂ ಹೇಳಬೇಕಲ್ಲ. ಕೊನೆಗೆ ಪ್ಲೇಸ್‌ಮೆಂಟ್ ತಂಡದವರು "ರೆಸ್ಯೂಮೆಯಲ್ಲಿ ಒಂದೂವರೆ ವರ್ಷ ಅನುಭವ ಅಂತ ಹಾಕಿಬಿಡಿ, ಎಲ್ಲರೂ ಹಾಕ್ತಾರೆ" ಅಂದರು. ನಾನು ಹಾಕಲಿಲ್ಲ. ಹಾಕಿದ ಒಬ್ಬ ಹುಡುಗನಿಗೆ ಆಫರ್ ಲೆಟರ್ ಬಂದಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್ ದಾಖಲೆ ಕೇಳಿದರು. ಅವನ ಪಿಎಫ್ ನಂಬರ್, ಅಂದರೆ ಯುಎಎನ್‌ನಲ್ಲಿ ಆ ಕಂಪನಿಯೇ ಇಲ್ಲ. ಆಫರ್ ಹೋಯ್ತು. ಈ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡ ತಮ್ಮಾ.

ಓಡಿನ್_ಪಯಣಿಗ

ಅಕ್ಕನ ಮಾತು ಒಪ್ಪುತ್ತೇನೆ, ಆದರೆ ಮೆಂಟರ್ ಎಲ್ಲಾ ಕಡೆ ಹಾಗೆ ಇರಲ್ಲ. ನನ್ನ ಸ್ನೇಹಿತ ಸೇರಿದ ಕಡೆ ಒಂದು ಬ್ಯಾಚಿಗೆ ನೂರಾರು ಜನ, ಪ್ರಶ್ನೆ ಕೇಳಿದರೆ ಹೋದ ಬ್ಯಾಚಿನ ಹುಡುಗನೇ ಉತ್ತರ ಕೊಡುತ್ತಿದ್ದ.

ನಾನು ಸ್ವಂತವಾಗಿ ಕಲಿತವನು. ಕಾಲ್ ಸೆಂಟರಿನಲ್ಲಿ ನೈಟ್ ಶಿಫ್ಟ್, ಲೈವ್ ಕ್ಲಾಸ್ ನನಗೆ ಆಗುತ್ತಲೇ ಇರಲಿಲ್ಲ. ಓಡಿನ್ ಪ್ರಾಜೆಕ್ಟ್ ಹಿಡಿದೆ. ಅದರ ಮೊದಲ ಪೆಟ್ಟು ಹೇಗಿರುತ್ತೆ ಗೊತ್ತಾ? ವಿಂಡೋಸ್ ನಡೆಯಲ್ಲ ಅಂತಾರೆ. ಲಿನಕ್ಸ್ ಹಾಕಿಕೊಂಡು ಬನ್ನಿ, ಹೇಗೆ ಅಂತ ಇಲ್ಲಿ ಬರೆದಿದೆ, ಓದಿಕೊಂಡು ಮಾಡಿ. ಒಂದು ಸಾಲು ಕೋಡ್ ಬರೆಯೋಕೆ ಮುಂಚೆ ಹಳೇ ಲ್ಯಾಪ್‌ಟಾಪ್ ಮುಂದೆ ಬೆವರು ಇಳಿಯಿತು. ಈಗ ಅನಿಸುತ್ತೆ, ಅದು ಸರಿಯಾದ ಪರೀಕ್ಷೆಯೇ. ಎರರ್ ಓದಿ, ಹುಡುಕಿ, ಸರಿ ಮಾಡೋದೇ ಈ ಕೆಲಸದಲ್ಲಿ ಮುಕ್ಕಾಲು ಪಾಲು.

ಅದರಲ್ಲಿ ವಿಡಿಯೊ ಕಮ್ಮಿ, ಓದೋದು ಜಾಸ್ತಿ. ರಾಕ್ ಪೇಪರ್ ಸಿಸರ್ಸ್ ಆಟ ಮೊದಲು ಬ್ರೌಸರ್ ಕನ್ಸೋಲ್‌ನಲ್ಲಿ ಮಾಡಿಸುತ್ತಾರೆ. ಬಟನ್ ಇಲ್ಲ, ಬಣ್ಣ ಇಲ್ಲ. ಕೆಲವು ಪಾಠ ಆದಮೇಲೆ ವಾಪಸ್ ಕರೆದು ಅದೇ ಆಟಕ್ಕೆ ಬಟನ್ ಹಾಕಿಸುತ್ತಾರೆ. ಆಗ ನಿಮ್ಮ ಹಳೇ ಕೋಡ್ ನಿಮಗೇ ಅರ್ಥ ಆಗಲ್ಲ. ಅಲ್ಲಿಂದ ಕಲಿಕೆ ಶುರು.

ಸಿಎಸ್50 ಬೇರೆ ರೀತಿ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡೋ 'ಸ್ಕ್ರ್ಯಾಚ್' ಭಾಷೆಯಿಂದ ಶುರು, ಮುಂದಿನ ವಾರವೇ ಸಿ ಭಾಷೆ. ಮೇಷ್ಟ್ರು ಡೇವಿಡ್ ಮಲನ್ ಪಾಠ ಕೇಳ್ತಾ ಎಲ್ಲಾ ಅರ್ಥ ಆದ ಹಾಗೆ ಅನಿಸುತ್ತೆ, ಲೆಕ್ಕ ಮಾಡೋಕೆ ಕೂತಾಗ ನಿಜ ಗೊತ್ತಾಗುತ್ತೆ. ಮೂರನೇ ವಾರದ ಟೈಡ್‌ಮನ್ ಅನ್ನೋ ಲೆಕ್ಕದಲ್ಲಿ ನಿದ್ದೆಗೆಟ್ಟವರು ಲೋಕದ ತುಂಬಾ ಇದ್ದಾರೆ. ಅದರ ಬದಲು ರನ್‌ಆಫ್ ಅನ್ನೋ ಸುಲಭದ ಲೆಕ್ಕ ಮಾಡಿದರೂ ಸಾಕು, ಅವಮಾನ ಏನಿಲ್ಲ.

ಎಂಐಟಿಯ ಇಬ್ಬರು ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದ್ದರು. ಹಾರ್ವರ್ಡ್ ಮತ್ತು ಎಂಐಟಿ ಇಡೆಕ್ಸ್ ಅನ್ನೋ ಆನ್‌ಲೈನ್ ತಾಣದಲ್ಲಿ ಇಟ್ಟ ಕೋರ್ಸ್‌ಗಳಲ್ಲಿ 2017-18ರಲ್ಲಿ ಕೊನೆ ಮುಟ್ಟಿದವರು 100ಕ್ಕೆ ಮೂರು ಜನ ಅಷ್ಟೇ. ಆದರೆ ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರನ್ನು ಮಾತ್ರ ನೋಡಿದರೆ 46%. ಪಾಠ ಅದೇ, ಮೇಷ್ಟ್ರು ಅದೇ. ಬೇಕೇ ಬೇಕು ಅಂತ ಇದ್ದವರೇ ದುಡ್ಡು ಕಟ್ಟಿರುತ್ತಾರೆ ಅನ್ನೋದೂ ಇದೆ, ಇರಲಿ. ಕೈಯಿಂದ ದುಡ್ಡು ಹೋದರೆ ಕೂತು ಮುಗಿಸುತ್ತೀವಿ ಅನ್ನೋದಂತೂ ಸುಳ್ಳಲ್ಲ.

ಎನ್‌ಪಿಟಿಇಎಲ್_ಅಭಿಮಾನಿ

ದುಡ್ಡು ಹೋದರೆ ಮುಗಿಸುತ್ತೀವಿ ಅನ್ನೋದಾದರೆ ಅದಕ್ಕೆ ಲಕ್ಷ ಯಾಕೆ, ಸಾವಿರ ಸಾಲದಾ? ಎನ್‌ಪಿಟಿಇಎಲ್ ನೋಡಿ. ಐಐಟಿಗಳು, ಐಐಎಸ್ಸಿ ಸೇರಿ ನಡೆಸೋದು. ಕೋರ್ಸ್ ಪುಕ್ಕಟೆ, ಪರೀಕ್ಷೆ ಬೇಕಾದರೆ ಮಾತ್ರ 1,000 ರೂಪಾಯಿ. ಜನವರಿಗೊಮ್ಮೆ, ಜುಲೈಗೊಮ್ಮೆ ಶುರು ಆಗುತ್ತೆ. ವಾರವಾರ ಅಸೈನ್‌ಮೆಂಟ್, ಕೊನೇ ದಿನ ದಾಟಿದರೆ ಮುಗೀತು, ಯಾರೂ ಕೇಳಲ್ಲ. ಅಸೈನ್‌ಮೆಂಟಿಗೆ 25, ಸೆಂಟರಿಗೆ ಹೋಗಿ ಬರೆಯೋ ಪರೀಕ್ಷೆಗೆ 75 ಅಂಕ. ಹೊಸಬರಿಗೆ ಐಐಟಿ ರೋಪರ್‌ನ 'ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್', 12 ವಾರ. ಅದಾದಮೇಲೆ ಮಾಧವನ್ ಮುಕುಂದ್ ಅವರು ಹೇಳಿಕೊಡೋ ಡೇಟಾ ಸ್ಟ್ರಕ್ಚರ್ಸ್ (ಡೇಟಾ ಜೋಡಿಸಿಡೋ ರೀತಿಗಳು), 8 ವಾರ, ಅದೂ ಪೈಥಾನ್‌ನಲ್ಲೇ.

ಇಂಗ್ಲಿಷ್ ಕಷ್ಟ ಅನಿಸಿದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳಿವೆ. ಸ್ವಲ್ಪ ಹಳೆಯವು, ಆದರೆ ಬುಡ ಗಟ್ಟಿ ಮಾಡಿಕೊಳ್ಳೋಕೆ ಸಾಕು.

ಪಿಜಿಡ್ಯಾಕ್_ಹಳಬ

ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಅವರ ಪಿಜಿ-ಡ್ಯಾಕ್ ಕೋರ್ಸ್ ಅಂದರೆ ಸರ್ಕಾರಿ ಬೂಟ್‌ಕ್ಯಾಂಪೇ. ಆರು ತಿಂಗಳು, ಬೆಳಿಗ್ಗೆಯಿಂದ ಸಂಜೆವರೆಗೂ ರುಬ್ಬುತ್ತಾರೆ. ಬೆಂಗಳೂರಲ್ಲೂ ಇದೆ. ಸಿ-ಕ್ಯಾಟ್ ಅಂತ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸು ಖಾಸಗಿಯವರಿಗಿಂತ ಎಷ್ಟೋ ಕಮ್ಮಿ, ಕೊನೆಗೆ ಕ್ಯಾಂಪಸ್ ಪ್ಲೇಸ್‌ಮೆಂಟ್.

ಎನ್‌ಪಿಟಿಇಎಲ್_ಅಭಿಮಾನಿ

ಬಿ.ಕಾಂ. ಅವರಿಗೆ ಪಿಜಿ-ಡ್ಯಾಕ್ ಅರ್ಹತೆ ಇಲ್ಲ ಸರ್. ಬಿಇ, ಎಂಸಿಎ, ಕಂಪ್ಯೂಟರ್ ಕಡೆಯ ಎಂಎಸ್ಸಿ, ಹಾಗೆ. ಡಿಗ್ರಿಯೇ ತೊಡಕು ಅನಿಸಿದರೆ ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಬಿಎಸ್ ಇದೆ. 2020ರಲ್ಲಿ ಶುರುವಾಗಿದ್ದು. ಪಿಯುಸಿ ಆಗಿ, ಹತ್ತನೇ ಕ್ಲಾಸಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಅರ್ಜಿ ಹಾಕಬಹುದು. ಜೆಇಇ ಬೇಡ, ನಾಲ್ಕು ವಾರ ಪಾಠ ಮಾಡಿ ಅವರೇ ಒಂದು ಅರ್ಹತಾ ಪರೀಕ್ಷೆ ಇಡುತ್ತಾರೆ. ಮಧ್ಯದಲ್ಲಿ ಡಿಪ್ಲೊಮಾ ತಗೊಂಡು ಹೊರಗೆ ಬರೋಕೂ ಅವಕಾಶ ಇದೆ. ಕೆಲಸ ಬಿಡಬೇಕಿಲ್ಲ. ಆದರೆ ಆರು ತಿಂಗಳಲ್ಲಿ ಮುಗಿಯೋ ಮಾತಲ್ಲ, ವರ್ಷಗಳ ಲೆಕ್ಕ.

ಟೆಕ್ಸಾಸ್_ಗೌಡ

ನಾನು ಅಮೆರಿಕದಲ್ಲಿದ್ದೇನೆ. ಬೂಟ್‌ಕ್ಯಾಂಪ್ ಅನ್ನೋದು ಹುಟ್ಟಿ, ಬೆಳೆದು, ಮಲಗಿದ ಜಾಗ ಇದು.

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೆವ್ ಬೂಟ್‌ಕ್ಯಾಂಪ್ ಶುರುವಾಯ್ತು, 2017ರ ಕೊನೆಗೆ ಮುಚ್ಚಿತು. ಐರನ್ ಯಾರ್ಡ್ ಕೂಡ ಅದೇ ವರ್ಷ ಮುಚ್ಚಿತು. ಟ್ರಿಲಜಿ ಅನ್ನೋ ಕಂಪನಿ ದೊಡ್ಡ ದೊಡ್ಡ ಯೂನಿವರ್ಸಿಟಿಗಳ ಹೆಸರಲ್ಲಿ ಬೂಟ್‌ಕ್ಯಾಂಪ್ ನಡೆಸುತ್ತಿತ್ತು. ಅದನ್ನು 2ಯು ಅನ್ನೋರು 2019ರಲ್ಲಿ 75 ಕೋಟಿ ಡಾಲರಿಗೆ ಕೊಂಡರು. 2024ರಲ್ಲಿ 2ಯು ದಿವಾಳಿ ಅರ್ಜಿ ಹಾಕಿತು. ಅದೇ ಡಿಸೆಂಬರಿನಲ್ಲಿ ಬೂಟ್‌ಕ್ಯಾಂಪ್‌ಗಳನ್ನೇ ನಿಲ್ಲಿಸುತ್ತೇವೆ ಅಂದರು.

ಎಲ್ಲಕ್ಕಿಂತ ಓದಬೇಕಾದ್ದು ಲ್ಯಾಂಬ್ಡಾ ಸ್ಕೂಲ್ ಕಥೆ. ಆಮೇಲೆ ಬ್ಲೂಮ್‌ಟೆಕ್ ಅಂತ ಹೆಸರು ಬದಲಿಸಿಕೊಂಡಿತು. "ಈಗ ಫೀಸು ಬೇಡ, ಕೆಲಸ ಸಿಕ್ಕಮೇಲೆ ಸಂಬಳದಲ್ಲಿ ಪಾಲು ಕೊಡಿ" ಅನ್ನೋ ಪದ್ಧತಿಗೆ ಹೆಸರು ಮಾಡಿದವರೇ ಅವರು. ವರ್ಷಕ್ಕೆ 50,000 ಡಾಲರ್ ಮೇಲೆ ಸಂಬಳ ಬಂದರೆ 24 ತಿಂಗಳು ಅದರ 17%, ಹೆಚ್ಚೆಂದರೆ 30,000 ಡಾಲರ್. ಇದು ಸಾಲವೇ ಅಲ್ಲ, ಬಡ್ಡಿಯೇ ಇಲ್ಲ ಅಂತಿದ್ದರು. ಇಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಆದೇಶ ಕೊಟ್ಟು, ಇದು ಸಾಲವೇ, ಸರಾಸರಿ 4,000 ಡಾಲರ್ ಬಡ್ಡಿ ಒಳಗೇ ಅಡಗಿದೆ ಅಂತು. ಜಾಹೀರಾತಿನಲ್ಲಿ 71ರಿಂದ 86% ಜನಕ್ಕೆ ಕೆಲಸ ಅಂತ ಹಾಕಿದ್ದರು. ಕಂಪನಿಯ ಒಳಗಿನ ಲೆಕ್ಕದಲ್ಲಿ ಅದು 50%ರ ಆಸುಪಾಸು, ಕೆಲವು ಬ್ಯಾಚಿನಲ್ಲಿ 30%. ಒಂದು ಬ್ಯಾಚಿಗೆ 100% ಕೆಲಸ ಸಿಕ್ಕಿತು ಅಂತ ಸಂಸ್ಥಾಪಕರೇ ಟ್ವೀಟ್ ಮಾಡಿದ್ದರು. ಆ ಲೆಕ್ಕದಲ್ಲಿ ಇದ್ದದ್ದು ಎಷ್ಟು ಜನ ಗೊತ್ತಾ? ಒಬ್ಬ ವಿದ್ಯಾರ್ಥಿ.

ಹಾಗಾಗಿ ಪರ್ಸೆಂಟೇಜ್ ಹೇಳಿದ ತಕ್ಷಣ "ಎಷ್ಟು ಜನರಲ್ಲಿ?" ಅಂತ ಕೇಳಿ. ಸೇರಿದವರಲ್ಲಾ, ಮುಗಿಸಿದವರಲ್ಲಾ, ಇಲ್ಲಾ ಅವರೇ 'ಪ್ಲೇಸ್‌ಮೆಂಟಿಗೆ ಅರ್ಹರು' ಅಂತ ಆರಿಸಿಕೊಂಡವರಲ್ಲಾ? ಮಾಕ್ (ಅಭ್ಯಾಸದ) ಇಂಟರ್‌ವ್ಯೂನಲ್ಲಿ ಬಿದ್ದವರನ್ನು ಲೆಕ್ಕದಿಂದಲೇ ತೆಗೆದುಬಿಟ್ಟರೆ ಯಾರು ಬೇಕಾದರೂ 90% ತೋರಿಸಬಹುದು.

ಸಾಲದ_ಕೌಂಟರ್

ಗೌಡರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತಿಗೆ ನಿಯಮ ತಂದಿದೆ. ಸುಳ್ಳು ಕೆಲಸದ ಗ್ಯಾರಂಟಿ ಕೊಡೋ ಹಾಗಿಲ್ಲ. ಸೀಟ್ ಕಮ್ಮಿ ಇದೆ ಅಂತ ಸುಳ್ಳು ಅವಸರ ಹುಟ್ಟಿಸೋದೂ ತಪ್ಪು. ಮುಂದಿನ ಸಲ "ಎರಡೇ ಸೀಟ್" ಅಂದರೆ "ಇಮೇಲ್‌ನಲ್ಲಿ ಬರೆದು ಕಳಿಸಿ" ಅನ್ನಿ. ಬರಲ್ಲ. ಗ್ರಾಹಕ ಸಹಾಯವಾಣಿ ನಂಬರ್ 1915.

ಜೆಪಿನಗರ_ಟೆಕ್‌ಲೀಡ್

ನಾನು ಬೆಂಗಳೂರಲ್ಲಿ ಸಣ್ಣ ತಂಡಕ್ಕೆ ಜನ ತಗೊಳ್ಳೋನು. ಟೇಬಲ್ಲಿನ ಈ ಕಡೆಯಿಂದ ಹೇಗೆ ಕಾಣುತ್ತೆ ಹೇಳುತ್ತೇನೆ.

ಮೊದಲು ಕಹಿ. ದೊಡ್ಡ ಸರ್ವೀಸ್ ಕಂಪನಿಗಳ ಫ್ರೆಷರ್ ನೇಮಕಾತಿಯಲ್ಲಿ ಸಾಮಾನ್ಯವಾಗಿ ಬಿಇ, ಬಿಸಿಎ, ಬಿಎಸ್ಸಿ ಅಂತಲೇ ಹಾಕಿರುತ್ತಾರೆ. ಬಿ.ಕಾಂ. ಅರ್ಜಿ ನನ್ನಂಥವನ ಕಣ್ಣಿಗೆ ಬೀಳೋ ಮುಂಚೆಯೇ ಜರಡಿಯಲ್ಲಿ ಉದುರುತ್ತೆ. ಎರಡೂವರೆ ಲಕ್ಷದ ಸರ್ಟಿಫಿಕೇಟು ಆ ಜರಡಿಯ ತೂತನ್ನು ಸಣ್ಣದು ಮಾಡಲ್ಲ. ನಿಮ್ಮ ದಾರಿ ಸಣ್ಣ ಕಂಪನಿಗಳು ಮತ್ತು ಗೊತ್ತಿರೋರ ಮೂಲಕ.

ಎರಡನೇದು, ಬೂಟ್‌ಕ್ಯಾಂಪ್ ಹುಡುಗರು ತಮ್ಮ ಕೋಡ್ ಹಾಕಿಡೋ ಗಿಟ್‌ಹಬ್ ತಾಣ ತೆಗೆದರೆ ಒಂದೇ ಹವಾಮಾನದ ಆ್ಯಪ್, ಒಂದೇ ನೆಟ್‌ಫ್ಲಿಕ್ಸ್ ನಕಲು. ಒಂದೇ ಬ್ಯಾಚಿನ ಮೂವರು ಬಂದಿದ್ದರು, ಕಾಗುಣಿತದ ತಪ್ಪೂ ಒಂದೇ. ಸ್ವಂತ ಕಲಿತವರದ್ದೂ ಯೂಟ್ಯೂಬ್ ನೋಡಿ ಇಳಿಸಿದ್ದೇ ಜಾಸ್ತಿ. ನಾನು ಮಾಡೋದಿಷ್ಟೇ. ಅವರದೇ ಪ್ರಾಜೆಕ್ಟ್ ತೆರೆದು, ಅಳಿಸಿದ್ದನ್ನು ವಾಪಸ್ ತರೋ ಒಂದು ಬಟನ್ ಸೇರಿಸಿ ಅಂತೀನಿ. ತಾನೇ ಬರೆದವನು ಎರಡು ನಿಮಿಷ ಯೋಚನೆ ಮಾಡಿ ಸರಿಯಾದ ಫೈಲ್ ತೆರೀತಾನೆ. ಇಳಿಸಿಕೊಂಡವನಿಗೆ ಯಾವ ಫೈಲ್ ತೆರೀಬೇಕು ಅಂತಲೇ ಗೊತ್ತಾಗಲ್ಲ. ಎಐ ಬಂದಮೇಲೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣ್ತಿದೆ. ಕೋಡ್_ಕೋಳಿ ಅವರಿಗೂ ಇದೇ ಉತ್ತರ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಬಿ.ಎ., ಪೂರ್ತಿ ಸ್ವಂತ ಕಲಿಕೆ. ಊರಿನ ಹಾಲಿನ ಡೇರಿಗೆ ಅಂತ ಒಂದು ಪ್ರೋಗ್ರಾಂ ಮಾಡಿದ್ದ. ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಹಾಕಿದರೆ ರೇಟ್ ಪಟ್ಟಿ ನೋಡಿ ರೈತರ ಬಟವಾಡೆ ಲೆಕ್ಕ ತೆಗೆಯುತ್ತಿತ್ತು. ನೋಡೋಕೆ ಚೆನ್ನಾಗಿರಲಿಲ್ಲ. ಆದರೆ ಕರೆಂಟ್ ಹೋದಾಗ ಅರ್ಧ ಬರೆದ ಎಂಟ್ರಿ ಏನಾಗುತ್ತೆ ಅನ್ನೋ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು, ಯಾಕಂದರೆ ಅದು ನಿಜವಾಗಿ ಆಗಿತ್ತು. ತಗೊಂಡೆ.

ನಿಮ್ಮಪ್ಪ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಪಾಠ ಎಲ್ಲಾ ಕಡೆ ಒಂದೇ, ಪುಕ್ಕಟೆಯೂ ಸಿಗುತ್ತೆ. ಬೂಟ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳೋದು ಗಡಿಯಾರ ಮತ್ತು ನಿಮ್ಮ ಕೋಡ್ ಓದೋ ಒಬ್ಬ ಮನುಷ್ಯ, ಇವೆರಡೇ. ಸಾಗರದ ಅಕ್ಕನಿಗೆ ಎರಡೂ ಬೇಕಿತ್ತು, ಎರಡೂ ಸಿಕ್ಕಿತು. ನಿಮಗೆ ಯಾವುದು ಕಮ್ಮಿ ಇದೆ ಅಂತ ಸಾಲ ಮಾಡೋ ಮುಂಚೆ ನೋಡಿಕೊಳ್ಳಿ. ಪುಕ್ಕಟೆ ಕೋರ್ಸ್ ಒಂದನ್ನು ಎರಡು ತಿಂಗಳು, ದಿನಾ ಒಂದು ಗಂಟೆ ಮಾಡಿ. ದಿನಾ ಕೂರೋಕೆ ಆಯ್ತು ಆದರೆ ಕೋಡ್ ಓದೋರಿಲ್ಲ ಅಂದರೆ, ಅದಕ್ಕೊಬ್ಬರನ್ನು ಹುಡುಕೋಕೆ ಲಕ್ಷ ಬೇಕಿಲ್ಲ. ಕೂರೋಕೇ ಆಗಲಿಲ್ಲ ಅಂದರೆ ಆಗ ಬೂಟ್‌ಕ್ಯಾಂಪ್ ಯೋಚನೆ ಮಾಡಿ, ಅದೂ ಡೆಮೊ ಕ್ಲಾಸಲ್ಲ, ನಡೀತಿರೋ ಬ್ಯಾಚಿನಲ್ಲಿ ಒಂದು ದಿನ ಕೂತು ನೋಡಿದಮೇಲೆ.

ಸಾಗರದ_ಅಕ್ಕ

ಎರಡು ತಿಂಗಳು ದಿನಾ ಒಂದು ಗಂಟೆ ಅನ್ನೋದು ಹೇಳೋಕೆ ಸುಲಭ ಸರ್. ಆಡಿಟರ್ ಆಫೀಸಲ್ಲಿ ಸೆಪ್ಟೆಂಬರ್ ಬಂದರೆ ಮನೆಗೆ ಬರೋದೇ ಹತ್ತು ಗಂಟೆಗೆ. ಅದನ್ನೂ ನೋಡಬೇಕು.

ಜೆಪಿನಗರ_ಟೆಕ್‌ಲೀಡ್

ನಿಜ ಮೇಡಂ. ಹಾಗಾದರೆ ಬೂಟ್‌ಕ್ಯಾಂಪ್‌ನ ರಾತ್ರಿ ಕ್ಲಾಸಿಗೂ ಅದೇ ಸೆಪ್ಟೆಂಬರ್ ಅಡ್ಡ ಬರುತ್ತಲ್ವಾ? ಅಲ್ಲಾದರೆ ಫೀಸೂ ಹೋಯ್ತು.

ಸಾಗರದ_ಅಕ್ಕ

ಹ್ಞಾ, ಅದೂ ಸರಿ.

ಸಿಎ_ಬಿಟ್ಟ_ಕೋಡರ್

ಲೆಕ್ಕಿಗರೇ, ನಾನೂ ನಿಮ್ಮ ಕಡೆಯಿಂದ ಬಂದವನು. ಎಲ್ಲರೂ ನಿಮ್ಮ ಬಿ.ಕಾಂ. ಅನ್ನು ಕುಂದು ಅಂತ ನೋಡ್ತಿದ್ದಾರೆ. ಅಕೌಂಟಿಂಗ್ ಸಾಫ್ಟ್‌ವೇರ್ ಮಾಡೋ ಕಂಪನಿಗಳಲ್ಲಿ ಕೋಡ್ ಬರೋರು ಬೇಕಾದಷ್ಟು ಜನ. ಜಿಎಸ್‌ಟಿಯಲ್ಲಿ ರಿವರ್ಸ್ ಚಾರ್ಜ್ ಅಂದರೆ ಏನು ಅಂತ ಗೊತ್ತಿರೋರು ಕಮ್ಮಿ. ನೆಟ್‌ಫ್ಲಿಕ್ಸ್ ನಕಲು ಬಿಡಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತಲ್ಲ, ಅದನ್ನು ನಮ್ಮ ಖರೀದಿ ಲೆಕ್ಕದ ಪರ್ಚೇಸ್ ರಿಜಿಸ್ಟರ್ ಜೊತೆ ಕೂತು ತಾಳೆ ನೋಡ್ತೀರಲ್ಲ, ಅದನ್ನೇ ಪೈಥಾನ್‌ನಲ್ಲಿ ಮಾಡಿ. ಲೂಪ್, ಫಂಕ್ಷನ್ ಬರುತ್ತೆ ಅಂದಿರಿ, ಶುರು ಮಾಡೋಕೆ ಅಷ್ಟು ಸಾಕು. ಕ್ಲೈಂಟ್‌ಗಳ ನಿಜವಾದ ಡೇಟಾ ಮಾತ್ರ ಗಿಟ್‌ಹಬ್‌ಗೆ ಹಾಕಬೇಡಿ, ಸುಳ್ಳು ಜಿಎಸ್‌ಟಿಐಎನ್ (ಜಿಎಸ್‌ಟಿ ನಂಬರ್) ಹಾಕಿ ಮಾದರಿ ಫೈಲ್ ಮಾಡಿಕೊಳ್ಳಿ.

ಹುಬ್ಬಳ್ಳಿ_ಲೆಕ್ಕಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಕೌನ್ಸೆಲರ್‌ಗೆ ಇಮೇಲ್‌ನಲ್ಲಿ ಕಳಿಸಿ ಅಂದೆ, ಫೋನ್ ಬರೋದು ನಿಂತಿದೆ. ಸದ್ಯಕ್ಕೆ ಸಾಲ ಬೇಡ ಅಂತ ತೀರ್ಮಾನ. ಜುಲೈ ಎನ್‌ಪಿಟಿಇಎಲ್ ಪೈಥಾನ್‌ಗೆ ಹೆಸರು ಹಾಕುತ್ತೇನೆ.

2ಬಿ ಕೆಲಸ ಶುರು ಮಾಡಿದೆ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಎರಡೂ ಎಕ್ಸೆಲ್ ಓದಿ ಇನ್‌ವಾಯ್ಸ್ ನಂಬರ್ ಮೇಲೆ ಮರ್ಜ್ ಮಾಡಿದರೆ (ಒಂದಕ್ಕೊಂದು ಜೋಡಿಸಿದರೆ) ಅರ್ಧಕ್ಕರ್ಧ ಹೊಂದುತ್ತಿಲ್ಲ. ಸಪ್ಲೈಯರ್ 'ಐಎನ್‌ವಿ/0012' ಅಂತ ಹಾಕಿರುತ್ತಾರೆ, ನಮ್ಮ ಹುಡುಗರು ಟ್ಯಾಲಿಯಲ್ಲಿ ಬರೀ '12' ಅಂತ ಹೊಡೆದಿರುತ್ತಾರೆ.

ಸಿಎ_ಬಿಟ್ಟ_ಕೋಡರ್

ಎಲ್ಲರೂ ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಮೊದಲು ಎಕ್ಸೆಲ್ ಓದುವಾಗ ಇನ್‌ವಾಯ್ಸ್ ನಂಬರಿನ ಕಾಲಂ ಅನ್ನು ಸಂಖ್ಯೆ ಅಂತ ಅಲ್ಲ, ಸ್ಟ್ರಿಂಗ್ (ಬರೀ ಅಕ್ಷರ) ಅಂತಲೇ ಓದಿಸಿ, ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಒಂದು ಫೈಲಲ್ಲಿ ಇದ್ದು ಇನ್ನೊಂದರಲ್ಲಿ ಹೋಗಿರುತ್ತವೆ. ಆಮೇಲೆ ಸ್ಲ್ಯಾಶ್, ಡ್ಯಾಶ್, ಸ್ಪೇಸ್ ಕಡೆ ಒಡೆದು, ಕೊನೆಯ ಅಂಕಿ ಗುಂಪು ಮಾತ್ರ ತಗೊಂಡು ಮುಂದಿನ ಸೊನ್ನೆ ಕಿತ್ತುಹಾಕಿ. ಎರಡೂ ಕಡೆ '12' ಆಗುತ್ತೆ. ಆದರೆ '12' ಅನ್ನೋದು ಹತ್ತು ಸಪ್ಲೈಯರ್ ಹತ್ತಿರ ಇರುತ್ತೆ, ಹಾಗಾಗಿ ಜಿಎಸ್‌ಟಿಐಎನ್ ಮತ್ತು ಈ ಅಂಕಿ ಎರಡನ್ನೂ ಸೇರಿಸಿ ಮರ್ಜ್ ಮಾಡಿ. ಹೊಂದಿದಮೇಲೆ ತೆರಿಗೆ ಮೊತ್ತದಲ್ಲಿ ಒಂದು ರೂಪಾಯಿ ತನಕ ವ್ಯತ್ಯಾಸ ಬಿಟ್ಟುಬಿಡಿ, ರೌಂಡ್ ಆಫ್ ಇರುತ್ತೆ. ಮರ್ಜ್ ಅನ್ನು ಔಟರ್ ಅಂತ ಕೊಟ್ಟು ಇಂಡಿಕೇಟರ್ ಆನ್ ಮಾಡಿದರೆ ಎರಡರಲ್ಲೂ ಇರೋದು, ಬುಕ್ಸ್‌ನಲ್ಲಿ ಮಾತ್ರ ಇರೋದು, 2ಬಿಯಲ್ಲಿ ಮಾತ್ರ ಇರೋದು ಅಂತ ಅದೇ ಬೇರೆ ಮಾಡಿಕೊಡುತ್ತೆ. ಕೋಡ್ ಹಾಕಿ, ನಾನು ಓದಿ ಹೇಳುತ್ತೇನೆ. ಭಾನುವಾರ ಬಿಡುವಿದೆ.